ಒಂದು ಕಾರ್ಡಿನಷ್ಟು ಸಂದು

ಬಾನೆಟ್ಟು ಎತ್ತಿ ನಿಲ್ಲಿಸಿದ ಕಾರು ಬೇವಿನ ಮರದ ಕೆಳಗೆ ನಿಂತಲ್ಲೇ ನಡುಗುತ್ತಿತ್ತು. ಮೂರು ಹೊಡೆತ ಸರಿಯಾಗಿ ಬಿದ್ದು ನಾಲ್ಕನೆಯದು ತಪ್ಪುತ್ತಿತ್ತು. ತಪ್ಪಿದಾಗಲೆಲ್ಲ ಇಡೀ ಗಾಡಿ ಒಮ್ಮೆ ಮೈ ಕೊಡವಿ, ಮುಂದಿನ ದೀಪದ ಗಾಜು ಗಿರ್ರೆಂದು, ಮತ್ತೆ ಮೂರು ಹೊಡೆತ. ಅಣ್ಣಿಗೇರಿಯಲ್ಲಿ ಹುಬ್ಬಳ್ಳಿ ರಸ್ತೆಗೆ ಹೊಂದಿದ್ದ ಮಹಬೂಬಸಾಬನ ಗ್ಯಾರೇಜಿನ ಮುಂದೆ ಕಬ್ಬಿಣದ ಸ್ಟೂಲಿನ ಮೇಲೆ ಕೂತ ಈರಬಸಪ್ಪ, ಆ ತಪ್ಪುವ ಹೊಡೆತ ಬರುವ ಹೊತ್ತಿಗೆ ತನಗರಿವಿಲ್ಲದೆ ಹೆಬ್ಬೆರಳಿನಿಂದ ಮೊಣಕಾಲು ಒತ್ತಿಕೊಳ್ಳುತ್ತಿದ್ದ. ಒತ್ತಿದರೆ ಬಿದ್ದೀತು ಎನ್ನುವ ಹಾಗೆ. ಮುಂಜಾನೆ ಶಲವಡಿ ಬಿಟ್ಟಾಗಲೇ ಎಂಜಿನ್ನಿಗೆ ಜೀವ ಇರಲಿಲ್ಲ. ಕೆರೆಯ ದಂಡೆಯ ಸಣ್ಣ ಏರಿಗೇ ಎರಡನೇ ಗೇರು ಕೇಳಿತು. ಕಾಲು ಪೂರಾ ಒತ್ತಿದರೂ ಅದು ತನ್ನ ಮನಸ್ಸಿಗೆ ಬಂದಷ್ಟೇ ನಡೆಯುತ್ತ, ಎರಡೂ ಕಡೆ ತೆನೆ ಹೊತ್ತು ನಿಂತ ಬಿಳಿಜೋಳದ ನಡುವೆ ಮುದಿ ಎಮ್ಮೆಯ ಹಾಗೆ ಸಾಗಿತು. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಹಿಂದಿನಿಂದ ಬಂದು ದಾಟಿ ಹೋದ. ದಾಟಿದ್ದಕ್ಕೆ ಬೇಸರವಿರಲಿಲ್ಲ, ದಾಟುವಾಗ ಅವನು ಒಂದು ಕೈ ಬಿಟ್ಟು, ತಿರುಗಿ, ‘ಶರಣ್ರಿ ಸಾವಕಾರ್ರ’ ಅಂದಿದ್ದ. ಆ ಶರಣು ಇನ್ನೂ ಅಂಗಿಗೆ ಅಂಟಿದ ಕುಸುಬಿಯ ಮುಳ್ಳಿನಂತೆ ಎಲ್ಲೋ ಚುಚ್ಚುತ್ತಿತ್ತು.

ಅಂಗಿಯ ಕಿಸೆಯಲ್ಲಿ ಕಾರ್ಡಿತ್ತು. ದುಮ್ಮವಾಡದಿಂದ ಹೆಂಡತಿಯ ತಮ್ಮ ಮಡಿವಾಳೆಪ್ಪ ಬರೆದದ್ದು. ಕ್ಷೇಮ ಸಮಾಚಾರ ಒಂದೇ ಸಾಲು. ಆಮೇಲೆ: ಅಕ್ಕನಿಗೆ ಅಳ್ನಾವರದ ಬಾಲವಾಡಿಯಲ್ಲಿ ಕೆಲಸವಾಗಿದೆ, ಸೋಮವಾರ ಮುಂಜಾನೆ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ, ನೀವು ಬರುವುದಿದ್ದರೆ ಅದಕ್ಕೂ ಮೊದಲು ಬರುವುದು. ‘ಬರುವುದಿದ್ದರೆ’ ಎಂಬ ಮಾತಿನ ಕೆಳಗೆ ಗೆರೆಯೇನೂ ಎಳೆದಿರಲಿಲ್ಲ. ಆದರೂ ಈರಬಸಪ್ಪನಿಗೆ ಪ್ರತಿ ಸಲ ಓದಿದಾಗಲೂ ಅಲ್ಲೊಂದು ಗೆರೆ ಕಾಣುತ್ತಿತ್ತು. ಇವತ್ತು ರವಿವಾರ.

‘ಸಾವಕಾರ್ರ, ನನ್ನ ಮಾತ ಕೇಳ್ರಿ. ಹನ್ನೊಂದರ ಬಸ್ಸಿಗೆ ಹೋಗಿಬಿಡ್ರಿ,’ ಅಂದ ಮಹಬೂಬಸಾಬ, ಬಾನೆಟ್ಟಿನೊಳಗಿಂದ ತಲೆ ಎತ್ತದೆ. ‘ಅಕ್ಕಾರ್ನ ಕರಕೊಂಡ ಬರ್ರಿ. ಗಾಡಿ ಎಲ್ಲಿ ಓಡಿ ಹೋಗತೈತಿ? ಓಡೂ ಹಂಗಿದ್ರ ನನ್ನ ಹತ್ರ ಯಾಕ ಬರತಿತ್ತು?’

‘ಬಸ್ಸಿಗೆ ಹೋಗೂ ಕೆಲಸ ಅಲ್ಲ ಇದು.’

‘ಬಸ್ಸಿನ್ಯಾಗ ಹೋಗಲಾರದ ಕೆಲಸ ಯಾವುದ್ರಿ? ಲಗ್ನಕ್ಕ ಮದುಮಗಾ ಹೋಗತಾನ.’

ಪಂಚಮಿಗೆಂದು ತವರಿಗೆ ಹೋದ ಹೆಂಡತಿ ರೇವವ್ವ ಹಬ್ಬ ಮುಗಿದು, ಸೀಗಿ ಹುಣ್ಣಿಮೆ ಮುಗಿದು, ದೀಪಾವಳಿ ಮುಗಿದು, ಎಳ್ಳ ಅಮಾವಾಸ್ಯೆ ಮುಗಿದರೂ ಬಂದಿರಲಿಲ್ಲ. ಗಂಡ ಹೋಗಿ ಕರೆಯಬೇಕು. ಕರೆಯದೆ ಅವಳು ಹೇಗೆ ಬಂದಾಳು? ಆ ಕಡೆಯಿಂದ ಬಂದವರ ಕೈಯಲ್ಲೆಲ್ಲ ಈರಬಸಪ್ಪ ಹೇಳಿ ಕಳಿಸಿದ್ದು ಒಂದೇ ಮಾತು: ಗಾಡಿ ಸರಿ ಇಲ್ಲ, ಸರಿ ಆದ ಕೂಡಲೆ ಬರತೀನಿ. ಮೊದಮೊದಲು ಅದು ನೆಪವಾಗಿತ್ತು. ಆಮೇಲೆ ಗಾಡಿ ನಿಜವಾಗಿಯೂ ಕೆಡುತ್ತ ಬಂತು, ಅವನ ಮಾತು ಸುಳ್ಳಾಗಬಾರದೆಂದು ಹಟ ಹಿಡಿದಂತೆ. ಈಗ ಬಸ್ಸಿನಿಂದ ಇಳಿದು, ಕೈಚೀಲ ಹಿಡಿದು, ದುಮ್ಮವಾಡದ ಊರಬಾಗಿಲ ಅಗಸಿಯೊಳಗೆ ನಡೆದು ಹೋದರೆ ಐದು ತಿಂಗಳಿನ ಆ ಒಂದೇ ಕಾರಣ ಎಲ್ಲರ ಎದುರು ಬಿಚ್ಚಿಬೀಳುತ್ತದೆ. ಹಾಗಾದರೆ ಮೊದಲೇ ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ನೀರು ಕೊಟ್ಟು, ಕಾಲು ತೊಳೆಯಲು ಹೇಳಿ, ಸುಮ್ಮನಿರುತ್ತಾರೆ.

ಮಹಬೂಬಸಾಬ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಅರವತ್ತಕ್ಕೆ ಹತ್ತಿರದ ಆ ಮನುಷ್ಯ ಹಾಗೆ ಬಾಗಿ ನಿಂತಾಗ ಸಂತೆಯಲ್ಲಿ ಗುಟ್ಟು ಕೇಳಿಸಿಕೊಳ್ಳುವವನ ಹಾಗೆ ಕಾಣುತ್ತಿದ್ದ. ಗ್ಯಾರೇಜಿನ ಹಿಂದಿನ ಭಾಗವೇ ಅವನ ಮನೆ. ನಡುವೆ ಒಂದು ಗೋಣಿತಟ್ಟಿನ ಪರದೆ. ಪರದೆಯ ಆಚೆಯಿಂದ ಅವನ ಹೆಂಡತಿ ಖಾದರಬಿಯ ದನಿ ಮುಂಜಾನೆಯಿಂದ ಒಂದೇ ಸಮನೆ ಹರಿಯುತ್ತಿತ್ತು. ಆಡು ಹಗ್ಗ ಹರಿದುಕೊಂಡದ್ದು, ನವಲಗುಂದದ ಬೀಗರು ಬಂದು ಚಹಾ ಕೂಡ ಕುಡಿಯದೆ ಹೋದದ್ದು, ಈ ಸಲದ ಮೆಣಸಿನಕಾಯಿಗೆ ಖಾರವೇ ಇಲ್ಲದ್ದು.

‘ಬೀಗ್ರು ಚಾ ಕುಡೀಲಿಲ್ಲಂದ್ರ ಸಿಟ್ಟಿಗೆದ್ದಾರಂತ ತಿಳ್ಕೋಬೇಕೋ, ಹೊಟ್ಟಿ ತುಂಬಿತ್ತಂತ ತಿಳ್ಕೋಬೇಕೋ, ಕೇಳಿದ್ರೇನ್ರಿ?’

‘ಹೊಟ್ಟಿ ತುಂಬಿತ್ತು,’ ಅಂದ ಮಹಬೂಬಸಾಬ, ಕಿವಿಯಿಂದ ಸ್ಕ್ರೂಡ್ರೈವರ್ ತೆಗೆಯದೆ. ‘ನಮ್ಮ ಮನಿಗೆ ಬರೂ ಮುಂಚೆ ಅವರು ಅಬ್ದುಲ್‌ಸಾಬನ ಮನಿಗೆ ಹೋಗಿದ್ರು.’ ಅದೇ ಉಸಿರಿನಲ್ಲಿ, ಈರಬಸಪ್ಪನಿಗೆ: ‘ಮೂರನೇ ಸಿಲಿಂಡರಿನ್ಯಾಗ ಏನೋ ಐತ್ರಿ. ಕೇಳಾಕ ಬರಾಕತ್ತೈತಿ.’

ಈರಬಸಪ್ಪ ಬೆರಗಾಗಿ ನೋಡಿದ. ಒಂದು ಕಿವಿಯಲ್ಲಿ ಎಂಜಿನ್ನು, ಒಂದು ಕಿವಿಯಲ್ಲಿ ಹೆಂಡತಿ. ಒಂದಕ್ಕೊಂದು ತಾಗದೆ ಎರಡೂ ಒಳಗೆ ಹೋಗುತ್ತಿದ್ದವು. ಎಂಟು ತಿಂಗಳ ಹಿಂದೆ ಕುಂದಗೋಳದ ಲಗ್ನ ಮುಗಿಸಿ ಇದೇ ಗಾಡಿಯಲ್ಲಿ ಬರುವಾಗ ಹಿಂದಿನ ಸೀಟಿನಲ್ಲಿ ಮಡಿವಾಳೆಪ್ಪನೂ ಅವನ ಹೆಂಡತಿಯೂ ಇದ್ದರು. ವೈಶಾಖದ ಬಿಸಿಲು, ನಾಲ್ಕೂ ಗಾಜು ಇಳಿಸಿತ್ತು. ಬಾಜೂಕ್ಕೆ ಕೂತ ರೇವವ್ವ ಪೂರಾ ಹಿಂದಕ್ಕೆ ತಿರುಗಿ, ಬಳೆಯ ಕೈಯನ್ನು ಸೀಟಿನ ಮೇಲೆ ಚಾಚಿ, ಊಟದ ಪಂಕ್ತಿಯ ಕಥೆ ಹೇಳುತ್ತಿದ್ದಳು. ಅವಳು ಕಥೆ ಹೇಳಿದರೆ ಅದರಲ್ಲಿದ್ದವರೆಲ್ಲ ಎದ್ದು ಬರುತ್ತಿದ್ದರು. ಪಂಕ್ತಿಯ ಕಡೆಗೆ ಒಬ್ಬ ಮುದುಕಿ ಕೂತಿದ್ದಳಂತೆ. ಹೋಳಿಗೆ ಬಡಿಸುವವನು ಎರಡು ಸಲ ಬಂದ, ಎರಡು ಸಲವೂ ಅವಳನ್ನು ಬಿಟ್ಟು ಮುಂದೆ ಹೋದ. ಮುದುಕಿ ತುಟಿ ಎರಡು ಮಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ತನ್ನ ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದ ಹೋಳಿಗೆ ತೆಗೆದು, ಎಲೆಯ ಮೇಲೆ ಇಟ್ಟುಕೊಂಡಳು. ‘ಮನಿಯಿಂದ ಕಟಗೊಂಡ ಬಂದಿದ್ಲವಾ! ಬಿಡತಾರಂತ ಆಕಿಗೆ ಮದಲ ಗೊತ್ತಿತ್ತು!’ ಹಿಂದಿನ ಇಬ್ಬರೂ ನಗುತ್ತಿದ್ದರು. ‘ಅಷ್ಟರಾಗ ಹುಡಗನ ಅಪ್ಪ ನೋಡಿಬಿಟ್ಟ. ಓಡಕೋತ ಬಂದು ಎಲಿ ಮುಂದ ನಿಂತ. ಆಮ್ಯಾಲ ಆ ಮುದುಕಿ ಎದ್ದ ನಿಂತು—’

‘ಬಾಯಿ ಮುಚ್ಚ ಬೇ,’ ಅಂದಿದ್ದ ಈರಬಸಪ್ಪ. ‘ಎಂಜಿನ್ ಸಪ್ಪಳಾ ಕೇಳವಲ್ದು.’

ಎಂಜಿನ್ನಿಗೆ ಏನೂ ಆಗಿರಲಿಲ್ಲ. ಏರು ಬಂತೆಂದು ಗೇರು ಬದಲಿಸುವುದಿತ್ತು, ಅಷ್ಟೇ. ರೇವವ್ವ ಚಾಚಿದ್ದ ಕೈ ತೆಗೆದು ಮುಂದಕ್ಕೆ ತಿರುಗಿ ಕೂತಳು. ಹಿಂದೆ ಮಡಿವಾಳೆಪ್ಪ ಕೆಮ್ಮಿದ. ಆ ಕೆಮ್ಮು ಈಗಲೂ ಕೇಳಿಸುತ್ತದೆ, ಅಕ್ಕನ ಮುಖ ನೋಡಲಾರದೆ ಕೆಮ್ಮಿದ್ದು. ಈರಬಸಪ್ಪನಿಗೆ ಆಗ ಅನಿಸಿದ್ದು ಇಷ್ಟೇ: ಊರು ಮುಟ್ಟುವುದರೊಳಗೆ ಮತ್ತೆ ಶುರು ಮಾಡುತ್ತಾಳೆ, ಇವಳ ಬಾಯಿ ಸುಮ್ಮನಿರುವಂಥದ್ದಲ್ಲ.

‘ಈಗ ನೋಡೂಣು,’ ಎಂದು ಮಹಬೂಬಸಾಬ ಚಿಂದಿ ಸುತ್ತಿದ ಕೈಯಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತ. ಮೊದಲನೆಯದು ಕಿತ್ತಾಗ ಎಂಜಿನ್ನು ತೂರಾಡಿತು, ಇನ್ನೇನು ನಿಂತೇಬಿಡುತ್ತದೆ ಅನ್ನುವಾಗ ತಂತಿ ಮತ್ತೆ ಸಿಕ್ಕಿಸಿದ. ಎರಡನೆಯದಕ್ಕೂ ಹಾಗೆಯೇ. ಮೂರನೆಯದು ಕಿತ್ತ, ಏನೂ ಆಗಲಿಲ್ಲ. ನಡುಕ ಮೊದಲಿನಷ್ಟೇ, ಸದ್ದು ಮೊದಲಿನಷ್ಟೇ. ‘ನೋಡಿದ್ರಿಲ್ರಿ? ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ. ಇದು ದುಡ್ಯಾಕತ್ತಿಲ್ಲ.’ ಪ್ಲಗ್ಗುಗಳನ್ನು ಬಿಚ್ಚಿ ಮೂರನೆಯದನ್ನು ಎರಡನೆಯದರ ಜಾಗಕ್ಕೆ ಹಾಕಿ ನೋಡಿದ. ತಪ್ಪು ಪ್ಲಗ್ಗಿನ ಜೊತೆ ಹೋಗಲಿಲ್ಲ, ಮೂರನೆಯ ಮನೆಯಲ್ಲೇ ಉಳಿಯಿತು. ‘ಹೊಸಾ ಪ್ಲಗ್ಗ ಹಾಕೀರಿ. ಕಾರ್ಬೊರೇಟರ್ ತೊಳದೀರಿ. ಪಾಯಿಂಟ್ ತಿಕ್ಕೀರಿ. ಎಲ್ಲಾ ಮಾಡೀರಲ್ರಿ,’ ಅಂದ ಮಹಬೂಬಸಾಬ, ಹೊಗಳಿದನೋ ಕೆಣಕಿದನೋ ತಿಳಿಯದ ಹಾಗೆ.

ಎಲ್ಲಾ ಮಾಡಿದ್ದ, ನಿಜ. ಐದು ತಿಂಗಳು ಬಂಡಿ ಕೊಟ್ಟಿಗೆಯಲ್ಲಿ ಕೂತು ಕೆಡದೇ ಇದ್ದದ್ದನ್ನೆಲ್ಲ ಬಿಚ್ಚಿ, ತೊಳೆದು, ಕಟ್ಟಿದ್ದ. ಒಂದನ್ನು ಬಿಟ್ಟು. ಎಂಜಿನ್ನಿನ ತಲೆಯ ಮೇಲಿನ ಆ ಉದ್ದನೆಯ ತಗಡಿನ ಮುಚ್ಚಳದ ಹತ್ತಿರ ಮಾತ್ರ ಅವನ ಕೈ ಮತ್ತೆ ಹೋಗಿರಲಿಲ್ಲ.

ಲಗ್ನದಿಂದ ಬಂದ ಮೇಲೆ ರೇವವ್ವ ಮುನಿಸಿಕೊಳ್ಳಲಿಲ್ಲ. ಮುನಿಸಾಗಿದ್ದರೆ ತಿಳಿಯುತ್ತಿತ್ತು. ರೊಟ್ಟಿ ಹಾಕಿದಳು, ನೀರು ಕಾಸಿದಳು, ಅತ್ತೆ ಮಲ್ಲಕ್ಕನ ಮೊಣಕಾಲಿಗೆ ಎಣ್ಣೆ ತಿಕ್ಕಿದಳು, ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಅಂದಳು. ಮಾತು ಮಾತ್ರ ಹೋಯಿತು. ಒಂಬತ್ತು ವರ್ಷ ಆ ಮನೆಯಲ್ಲಿ ಅವನ ಊಟ, ನಿದ್ದೆ, ಲೆಕ್ಕಪತ್ರದ ಹಿಂದೆಲ್ಲ ಹರಿಯುತ್ತಿದ್ದ ಒಂದು ದನಿ ನಿಂತುಹೋದಾಗ, ಅದು ಇತ್ತು ಎನ್ನುವುದೇ ಅವನಿಗೆ ಆಗ ಗೊತ್ತಾದದ್ದು. ಸಂತೆಗೆಂದು ಅವಳನ್ನು ಕೂಡಿಸಿಕೊಂಡು ಹೊರಟರೆ ಗಾಡಿಯೊಳಗೆ ಬೇರೇನೂ ಇರಲಿಲ್ಲ, ಎಂಜಿನ್ನಿನ ತಲೆಯಿಂದ ಬರುವ ಒಂದು ಸಣ್ಣ ಸದ್ದು ಬಿಟ್ಟು. ಟಕಟಕಟಕ, ಹೊಲಿಗೆ ಮಿಷಿನ್ನಿನ ಹಾಗೆ. ವಾಲ್ವುಗಳನ್ನು ಒತ್ತುವ ಟ್ಯಾಪೆಟ್ಟಿನದು. ಹಿಂದೊಮ್ಮೆ ಅದನ್ನು ತೆಗೆಯಲು ಬರುತ್ತದೇನು ಎಂದು ಕೇಳಿದಾಗ ಮಹಬೂಬಸಾಬ ನಕ್ಕಿದ್ದ: ಅದು ಇರೂದ ಹಂಗ್ರಿ. ಆಮೇಲೆ ಮರೆತೇ ಹೋಗಿದ್ದ ಆ ಸದ್ದು ಈಗ ದಿನದಿನಕ್ಕೆ ಬೆಳೆಯಿತು. ಹೊಲದಲ್ಲಿ ನಿಂತರೂ ಕೇಳುತ್ತಿತ್ತು. ಕಾರಹುಣ್ಣಿಮೆ ಮುಗಿದ ಒಂದು ಮಧ್ಯಾಹ್ನ ಅವನು ಕೊಟ್ಟಿಗೆಗೆ ಹೋಗಿ ಆ ಮುಚ್ಚಳ ತೆಗೆದ. ಎಂಟು ಸ್ಕ್ರೂಗಳನ್ನೂ ಸಂದು ಉಳಿಯದ ಹಾಗೆ ಬಿಗಿದು, ನಟ್ಟು ತಿರುವಿ, ಮುಚ್ಚಳ ಹಾಕಿ, ಚಾಲೂ ಮಾಡಿದ. ರೇಶಿಮೆ ಸೀರೆ ಮಡಚಿದಂಥ ಸದ್ದು. ಟಕಟಕ ಇಲ್ಲ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಅಡುಗೆಮನೆಯಿಂದ ಅವಳನ್ನು ಕರೆದ. ‘ನೋಡ ಬಾ ಇಲ್ಲೆ. ಸಪ್ಪಳಾ ಐತೇನು?’ ಹಿಟ್ಟಿನ ಕೈ ಹಾಗೇ ಎತ್ತಿ ಹಿಡಿದು ರೇವವ್ವ ಬಂದು ನಿಂತಳು. ಕೇಳಿಸಿಕೊಂಡಳು. ‘ಇಲ್ರಿ,’ ಅಂದಳು. ಒಳಗೆ ಹೋದಳು.

ಪಂಚಮಿಗೆ ಮಡಿವಾಳೆಪ್ಪ ಕರೆಯಲು ಬರುತ್ತೇನೆಂದಾಗ, ಬೇಡ, ನಾನೇ ಗಾಡಿಯಲ್ಲಿ ಬಿಡುತ್ತೇನೆ ಎಂದು ಹೇಳಿ ಕಳಿಸಿದ್ದ. ಶಲವಡಿಯಿಂದ ದುಮ್ಮವಾಡದವರೆಗೆ ಆ ಸದ್ದಿಲ್ಲದ ಗಾಡಿಯಲ್ಲಿ ಸದ್ದಿಲ್ಲದೆ ಹೋದರು. ಇಳಿಯುವಾಗ ಅವಳು ಅಂದದ್ದು ಎರಡೇ ಮಾತು: ‘ಹುಷಾರಿಂದ ಹೋಗ್ರಿ.’

‘ಇಲ್ಲೆ ಬರ್ರಿ ಸಾವಕಾರ್ರ, ಒಂದ ಮಜಾ ತೋರಸ್ತೀನಿ.’ ಮಹಬೂಬಸಾಬ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ಹಳೆಯ ಪೇಪರಿನ ಚೂರೊಂದನ್ನು ಹೊಗೆಯ ಪೈಪಿನ ಬಾಯಿಗೆ ಹಿಡಿದಿದ್ದ. ಹೊಗೆ ಚೂರನ್ನು ಹೊರಗೆ ದೂಡುತ್ತಿತ್ತು. ದೂಡಿ, ದೂಡಿ, ನಡುವೆ ಒಮ್ಮೆ ಚಟ್ಟನೆ ಒಳಗೆ ಎಳೆದುಕೊಂಡು ಬಾಯಿಗೆ ಅಂಟಿಸಿಕೊಳ್ಳುತ್ತಿತ್ತು. ‘ಹೊರಗ ಊದಬೇಕಾದ್ದು ಒಳಗ ಎಳ್ಯಾಕತ್ತೈತಿ. ಹೊಗಿ ಹೋಗೂ ವಾಲ್ವ ಪೂರಾ ಮುಚ್ಚವಲ್ದು.’ ಎಂಜಿನ್ನು ಬಂದ್ ಮಾಡಿಸಿ, ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ, ಈರಬಸಪ್ಪನಿಗೆ ಮುಂದಿನ ಹ್ಯಾಂಡಲ್ ತಿರುಗಿಸಲು ಹೇಳಿದ. ಉಳಿದ ಮೂರರಲ್ಲಿ ಬೆರಳನ್ನು ಎತ್ತಿ ಒಗೆಯುವಷ್ಟು ಒತ್ತಡ. ಮೂರನೆಯದರಲ್ಲಿ ಮಗು ಊದಿದಷ್ಟು ಗಾಳಿ. ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ತಿರುಗಿಸಲು ಹೇಳಿದ. ‘ರಿಂಗ್ ಸವದಿದ್ರ ಎಣ್ಣಿ ಹಾಕಿದ ಮ್ಯಾಲ ಜೋರ ಆಗತಿತ್ತು. ಆಗಲಿಲ್ಲ. ವಾಲ್ವ ಸುಟ್ಟೈತಿ, ಸುಳ್ಳಲ್ಲ.’ ಬಗ್ಗಿ ತಿರುಗಿಸಿ ಈರಬಸಪ್ಪನ ಬೆನ್ನು ಬೆವರಿತ್ತು. ಪ್ರತಿ ಪರೀಕ್ಷೆಯೂ ಒಂದು ಬಾಗಿಲು ಮುಚ್ಚುತ್ತ ತನ್ನ ಕಡೆಗೇ ಬರುತ್ತಿರುವುದು ಅವನಿಗೆ ಕಾಣುತ್ತಿತ್ತು. ಈಗಲೇ ಹೇಳಿಬಿಡಬೇಕು, ಈ ಹ್ಯಾಂಡಲ್ ಕೆಳಗಿಟ್ಟ ಕೂಡಲೆ, ಅಂದುಕೊಂಡ. ಹ್ಯಾಂಡಲ್ ಕೆಳಗಿಟ್ಟ. ಬೆವರು ಒರೆಸಿಕೊಂಡ. ಹನ್ನೊಂದರ ಬಸ್ಸು ಧೂಳೆಬ್ಬಿಸಿ ಹೋಗಿ ಎಷ್ಟೋ ಹೊತ್ತಾಗಿತ್ತು. ರಾಜ್ಯದ ಹೆಸರು ಬದಲಾಗಿ ವರ್ಷ ಕಳೆದರೂ ಬಸ್ಸಿನ ಬಾಜೂಕ್ಕೆ ಇನ್ನೂ ಹಳೇ ಹೆಸರೇ ಬರೆದಿತ್ತು.

ಮಹಬೂಬಸಾಬ ಮುಚ್ಚಳ ತೆಗೆದ. ಒಂದು ಟ್ಯಾಪೆಟ್ಟನ್ನು ಬೆರಳಿನಿಂದ ಅಲುಗಿಸಿ ನೋಡಿದ. ಅಲುಗಲಿಲ್ಲ. ಇನ್ನೊಂದು. ಅದೂ ಇಲ್ಲ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಎಂಟನ್ನೂ ನೋಡಿದ. ಆಮೇಲೆ ಕೈ ಒರೆಸಿಕೊಳ್ಳುತ್ತ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಮತ್ತೆ ಹತ್ತಿರ ಬಂದು ನೋಡಿದ.

‘ಶಿವರಾತ್ರಿ ಮುಂದ ಈ ಸಂದ ಇಟ್ಟಾಂವ ನಾನ,’ ಅಂದ ಮೆಲ್ಲಗೆ. ‘ಒಂದ, ಎರಡ, ತಾವ ಬಿಗಿ ಆಗತಾವು. ಎಂಟಕ್ಕ ಎಂಟೂ ಆಗೂದಿಲ್ಲ. ಇಟ್ಟಾಂವಂದ ತಪ್ಪ.’

ಪರದೆಯ ಆಚೆ ಒಲೆಯ ಊದುಗೊಳವೆ ನಿಂತಿತು. ‘ಹೋದ ವರ್ಷದಿಂದ ಬಡಕೋತೀನಿ,’ ಅಂದಳು ಖಾದರಬಿ. ‘ಹುಬ್ಬಳ್ಳಿಗೆ ಹೋಗಿ ಕಣ್ಣ ತೋರಿಸ್ಕೊಂಡ ಬರ್ರಿ, ಕಣ್ಣ ತೋರಿಸ್ಕೊಂಡ ಬರ್ರಿ ಅಂತ. ಸೂಜ್ಯಾಗ ದಾರಾ ಪೋಣಸಾಕ ಬರೂದಿಲ್ಲ, ಮಂದೀ ಗಾಡಿ ಬಿಚ್ಚತಾರ. ಕೇಳಿದ್ರೇನ್ರಿ?’

ಮುಂಜಾನೆಯಿಂದ ಅವಳ ಒಂದು ಮಾತನ್ನೂ ಕೆಳಗೆ ಬೀಳಗೊಡದ ಮಹಬೂಬಸಾಬ ಈಗ ಚಿಂದಿಯಿಂದ ಒಂದೇ ಬೆರಳನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತ ನಿಂತಿದ್ದ. ‘ಕೇಳಿದ್ರೇನ್ರಿ?’ ಖಾದರಬಿಯ ದನಿ ಇಳಿದಿತ್ತು. ಈರಬಸಪ್ಪನಿಗೆ ಈ ಸುಮ್ಮನಿರುವಿಕೆ ಗೊತ್ತಿತ್ತು. ಎಂಟು ತಿಂಗಳಿಂದ ಅದರ ಜೊತೆಗೇ ಉಂಡು, ಅದರ ಬಾಜೂಕ್ಕೇ ಮಲಗಿದ್ದ. ತಾನು ತುಟಿ ಬಿಚ್ಚದಿದ್ದರೆ ಆಯಿತು. ಈ ಮುದುಕ ಹಣೆಗೆ ಕೈ ಹಚ್ಚಿ, ತಪ್ಪಾತ್ರಿ ಎಂದು, ಇನ್ನು ಯಾವ ಗಾಡಿಯ ಮುಚ್ಚಳ ತೆಗೆದರೂ ತನ್ನ ಕಣ್ಣನ್ನೇ ಅನುಮಾನಿಸುತ್ತ ಬದುಕುತ್ತಾನೆ. ಯಾರಿಗೂ ಏನೂ ತಿಳಿಯುವುದಿಲ್ಲ. ಎಷ್ಟು ಸುಲಭ ಎನ್ನುವುದೇ ಅವನಿಗೆ ಹೆದರಿಕೆ ತಂದಿತು.

‘ನಾನ ಬಿಗಿ ಮಾಡೀನಿ,’ ಅಂದ.

ಎಂಜಿನ್ನು ನಿಂತಿದ್ದರಿಂದ ಮಾತು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು.

‘ಬಿಡ್ರಿ ಸಾವಕಾರ್ರ. ನನ್ನ ಮಾರಿ ಉಳಸಾಕ ಹಂಗ ಅನ್ನಬ್ಯಾಡ್ರಿ.’

‘ಇಲ್ಲ ಮಹಬೂಬಸಾಬ. ಕಾರಹುಣ್ಣಿವಿ ಆದ ಮ್ಯಾಲ. ಬಂಡಿ ಕೊಟಗ್ಯಾಗ. ನಿನ್ನ ಕಡಿಂದ ಹೇಳದ ಒಯ್ದ ಪಾನಾದ್ಲೇನ.’ ಗಾಡಿಯ ಬಾಗಿಲು ತೆಗೆದು, ಸೀಟಿನ ಕೆಳಗೆ ಕೈ ಹಾಕಿ, ನಟ್ಟು ತಿರುವುವ ಆ ಪಾನಾ ತಂದು ಅವನ ಕೈಗೆ ಕೊಟ್ಟ. ಕೊಡುವಾಗ ತನ್ನ ಕಿವಿ ಬಿಸಿಯಾಗಿರುವುದು ತನಗೇ ತಿಳಿಯಿತು. ಚಿಕ್ಕಂದಿನಲ್ಲಿ ಪೇರಲ ಕದ್ದು ಸಿಕ್ಕಿಬಿದ್ದಾಗ ಹೀಗೆ ಆಗುತ್ತಿತ್ತು.

ಮಹಬೂಬಸಾಬ ಪಾನಾವನ್ನು ತಿರುಗಿಸಿ ನೋಡಿದ. ‘ಇದು ಕಳದೈತಂತ ಎಲ್ಲಾ ಕಡೆ ಹುಡಕಿದ್ದೆ,’ ಅಂದ. ಆಮೇಲೆ: ‘ಯಾಕ್ರಿ?’

‘ಸಪ್ಪಳಾ ಆಗತಿತ್ತು.’

‘ಅದು ಮದಲಿಂದನೂ ಆಗತಿತ್ತಲ್ರಿ.’

‘ಮದಲ ಕೇಳಸ್ತಿರಲಿಲ್ಲ.’

ಮಹಬೂಬಸಾಬ ಅವನ ಮುಖ ನೋಡಿದ. ಪರದೆಯ ಕಡೆ ತಿರುಗಿ, ‘ಕೇಳಿದೇನು? ನನ್ನ ಕಣ್ಣ ಅಗದಿ ಬರೋಬರಿ ಅದಾವು!’ ಎಂದು ಕೂಗಿದ. ‘ಹಂಗಾದ್ರ ಸೂಜಿ ದಾರಾ ಕಳಸ್ಲೇನು?’ ಎಂದು ಆಚೆಯಿಂದ ಬಂತು. ಊದುಗೊಳವೆ ಮತ್ತೆ ಶುರುವಾಯಿತು.

ತಲೆ ಬಿಚ್ಚಿ ಹುಬ್ಬಳ್ಳಿಗೆ ಒಯ್ದು ವಾಲ್ವು ಬದಲಿಸಲು ಮೂರು ದಿನ ಬೇಕು; ಅದು ಇವತ್ತಿನ ಕೆಲಸವಲ್ಲ. ಇವತ್ತು ಆಗುವುದೆಂದರೆ ಸಂದು ಸರಿ ಮಾಡಿ, ಇದ್ದ ಮೂರರ ಮೇಲೆ ಹೋಗುವುದು. ಸಂದು ಅಳೆಯುವ ಗೇಜನ್ನು ನವಲಗುಂದದವನೊಬ್ಬ ಒಯ್ದಿದ್ದ. ‘ಒಂದ ಪೋಸ್ಟಕಾರ್ಡ ಇದ್ರ ಕೊಡ್ರಿ. ಕಾರ್ಡಿನಷ್ಟ ಸಂದ ಇದ್ರ ಸಾಕು, ಸದ್ಯಕ್ಕ ನಡೀತೈತಿ.’ ಈರಬಸಪ್ಪ ಕಿಸೆಗೆ ಕೈ ಹಾಕಿ, ಒಂದು ಗಳಿಗೆ ತಡೆದು, ಮಡಿವಾಳೆಪ್ಪನ ಕಾರ್ಡು ಕೊಟ್ಟ. ಮಹಬೂಬಸಾಬ ಅದನ್ನು ಓದಲಿಲ್ಲ. ಮೂಲೆಯನ್ನು ಟ್ಯಾಪೆಟ್ಟಿನ ಸಂದಿಗೆ ತೂರಿಸಿ, ಸ್ಕ್ರೂ ತಿರುವಿ, ಕಾರ್ಡು ಹಿಡಿದೂ ಹಿಡಿಯದ ಹಾಗೆ ಜಾರಿ ಬಂದಾಗ ನಟ್ಟು ಬಿಗಿದ. ಎಂಟು ಸಲ. ‘ಕಬ್ಬಿಣ ಬಿಸಿ ಆತಂದ್ರ ಬೆಳೀತೈತ್ರಿ. ಬೆಳ್ಯಾಕ ಜಾಗಾ ಬೇಕಲ್ಲ. ನೀವು ಜಾಗಾ ಬಿಡಲಿಲ್ಲ, ಅದಕ್ಕ ಮುಚ್ಚಾಕ ಆಗಲಿಲ್ಲ, ಮುಚ್ಚದಿದ್ದಲ್ಲೆ ಬೆಂಕಿ ಹೊಕ್ಕೊಂಡು ಅಂಚ ತಿಂತು. ಸಪ್ಪಳಾ ಇರಲಿ ಬಿಡ್ರಿ.’ ಕಾರ್ಡು ಮರಳಿ ಕೈಗೆ ಬಂದಾಗ ‘ಬರುವುದಿದ್ದರೆ’ಯ ಮೇಲೆ ಕರಿ ಎಣ್ಣೆ ಹರಡಿ ಆ ಮಾತು ಓದಲು ಬರುತ್ತಿರಲಿಲ್ಲ.

ಹೊರಡುವಾಗ ಮಹಬೂಬಸಾಬ ಕಿಟಕಿಯಲ್ಲಿ ಬಗ್ಗಿ ಹೇಳಿದ: ‘ದುಮ್ಮವಾಡದಾಗೂ ಬಂದ್ ಮಾಡಬ್ಯಾಡ್ರಿ. ಚಾಲೂನ ಇಟ್ಟು ಅಕ್ಕಾರ್ನ ಹತ್ತಿಸ್ಕೊಂಡು ಹಂಗ ತಿರಗಸ್ರಿ. ಅಷ್ಟ ದೂರ ಓಡಿ ಬಿಸಿ ಇದ್ದಾಗ ನಿಂತ್ರ ಈ ಬ್ಯಾಟ್ರಿಗೆ ಏಳೂದಿಲ್ಲ, ಹ್ಯಾಂಡಲ್ಲಿಗೂ ಏಳೂದಿಲ್ಲ. ಅಲ್ಲೇ ಉಳೀತೀರಿ ಮತ್ತ, ಹೇಳೀನಿ.’

ಟಕಟಕಟಕ ಅನ್ನುತ್ತ, ಮೂರರ ಮೇಲೆ ಕುಂಟುತ್ತ, ಗಾಡಿ ಹುಬ್ಬಳ್ಳಿ ದಾಟಿತು. ಕರಿ ಮಣ್ಣು ಹಿಂದೆ ಉಳಿದು, ಕೆಂಪು ನೆಲ, ಕೊಯ್ದ ಭತ್ತದ ಕೂಳೆ, ದೂರದಲ್ಲಿ ಕಾಡಿನ ಅಂಚು ಕಾಣಿಸಿದವು. ಏರು ಬಂದಲ್ಲೆಲ್ಲ ಎರಡನೇ ಗೇರು. ಬಾಜೂಕಿನ ಸೀಟು ಖಾಲಿ ಇತ್ತು. ಅದರ ಬೆನ್ನಿನ ಮೇಲೆ ಬಳೆಯ ಕೈ ಚಾಚುತ್ತಿದ್ದ ಜಾಗದಲ್ಲಿ ರೆಕ್ಸಿನ್ನು ಬಣ್ಣಗೆಟ್ಟಿತ್ತು. ಎಲ್ಲಿ ಶುರು ಮಾಡಿದನೋ ತಿಳಿಯದು, ಈರಬಸಪ್ಪ ಮಾತಾಡುತ್ತಿದ್ದ. ಕೆಂದಾಕಳು ಕರು ಹಾಕಿತು, ಹೆಣ್ಣು. ಅವ್ವನ ಮೊಣಕಾಲು ಹಂಗ ಐತಿ, ನೀ ತಿಕ್ಕಿದಂಗ ಯಾರೂ ತಿಕ್ಕೂದಿಲ್ಲಂತ. ಎಳ್ಳಮಾಸಿಗೆ ಹೊಲಕ್ಕ ಎಡಿ ಒಯ್ದು ಚರಗಾ ಚೆಲ್ಲಾಕ ನಾನೊಬ್ಬನ ಹೋಗಿದ್ದೆ, ಮಂದಿ ನಕ್ರು. ಸದ್ದಿನಲ್ಲಿ ತನ್ನ ದನಿ ತನಗೇ ಕೇಳುತ್ತಿರಲಿಲ್ಲ. ಅವಳೂ ಹೀಗೆಯೇ ಮಾತಾಡುತ್ತಿದ್ದಳೇನೋ, ಕೇಳುವವನು ಕೇಳುತ್ತಾನೋ ಇಲ್ಲವೋ ನೋಡದೆ, ಒಂಬತ್ತು ವರ್ಷ. ಸುಮ್ಮನಾದರೆ ಟಕಟಕ ಉಳಿಯುತ್ತಿತ್ತು. ಮತ್ತೆ ಶುರು ಮಾಡುತ್ತಿದ್ದ.

ಹೊತ್ತು ಮುಳುಗಲು ಇನ್ನೂ ಆಳೆತ್ತರವಿರುವಾಗ ದುಮ್ಮವಾಡದ ಆ ಮನೆಯ ಮುಂದೆ ಗಾಡಿ ನಿಂತು ನಡುಗತೊಡಗಿತು. ಬಾಗಿಲ ಬಾಜೂಕ್ಕೆ ಕಟ್ಟೆಯ ಮೇಲೆ ಹಗ್ಗ ಬಿಗಿದ ಟ್ರಂಕು. ಸದ್ದಿಗೆ ಮಡಿವಾಳೆಪ್ಪ ಹೊರಗೆ ಬಂದ.

‘ಬರ್ರಿ ಮಾಮಾ!’ ಎಂದು ಕೂಗಿದ. ‘ಗಾಡಿ ಸರಿ ಆತೇನು?’

‘ಇಲ್ಲ!’

‘ಮತ್ತ ಹ್ಯಾಂಗ ಬಂದ್ರಿ?’

‘ಹಂಗ ಬಂದ್ನಿ!’

ಅವನ ಹಿಂದೆ ರೇವವ್ವ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬಡವಾಗಿರಲಿಲ್ಲ, ಬದಲಾಗಿರಲಿಲ್ಲ, ಹೊಸ ಚಪ್ಪಲಿ ಹಾಕಿದ್ದಳು. ನಾಳೆಗೆಂದು ಈಗಿನಿಂದಲೇ ರೂಢಿ ಮಾಡಿಕೊಳ್ಳುತ್ತಿದ್ದಳೇನೋ. ಅವಳು ಗಾಡಿಯನ್ನು ನೋಡಿದಳು, ಅವನನ್ನು ನೋಡಿದಳು. ಏನೋ ಅಂದಳು. ತುಟಿ ಆಡಿದ್ದು ಕಾಣಿಸಿತು. ಎಂಟು ಟ್ಯಾಪೆಟ್ಟುಗಳ ಟಕಟಕದಲ್ಲಿ, ಕುಂಟುವ ಹೊಡೆತದಲ್ಲಿ ಮಾತು ಮುಳುಗಿಹೋಯಿತು. ಈರಬಸಪ್ಪನ ಕೈ ಕೀಲಿಯ ಮೇಲೆ ಹೋಯಿತು. ಮಹಬೂಬಸಾಬ ಅಂದದ್ದು ನೆನಪಾಯಿತು, ಹಗ್ಗ ಬಿಗಿದ ಟ್ರಂಕು ಕಣ್ಣಿಗೆ ಬಿತ್ತು, ನಾಳೆ ಮುಂಜಾನೆಯ ಅಳ್ನಾವರದ ಹಾದಿ ಕಂಡಿತು. ಕೀಲಿ ತಿರುವಿದ.

ಗಾಡಿ ಎರಡು ಸಲ ಮೈ ಕೊಡವಿ ನಿಂತಿತು. ಎಲ್ಲೋ ಕೊಡ ಇಟ್ಟ ಸದ್ದು. ಬಾನೆಟ್ಟಿನೊಳಗೆ ಬಿಸಿ ಕಬ್ಬಿಣ ಆರುತ್ತ ಟಿಣ್, ಟಿಣ್ ಅನ್ನುತ್ತಿತ್ತು. ಅವನು ಇಳಿದು ಕಟ್ಟೆಯ ಕೆಳಗೆ ಬಂದು ನಿಂತ.

‘ಏನಂದಿ?’

‘ಏನಿಲ್ರಿ.’

ದಾರಿಯುದ್ದಕ್ಕೂ ಆಡಿದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಕರು, ಮೊಣಕಾಲು, ಚರಗ, ಎಲ್ಲ ಹೋಗಿತ್ತು. ‘ಆ ಮುದುಕಿ ಎದ್ದ ನಿಂತ ಮ್ಯಾಲ ಏನಾತು?’ ಅಂದ.

‘ಯಾವ ಮುದುಕಿ?’

ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲವೋ, ಅಥವಾ ಆ ಕಥೆಯನ್ನು ಕೊಡಬಾರದೆಂದು ಕೊಡಲಿಲ್ಲವೋ, ಅವನಿಗೆ ತಿಳಿಯಲಿಲ್ಲ. ತಿಳಿಯುವ ಹಕ್ಕು ತನಗಿದೆ ಎಂದೂ ಅನಿಸಲಿಲ್ಲ. ಮಡಿವಾಳೆಪ್ಪ ಕೆಮ್ಮಲಿಲ್ಲ, ನೀರು ತರುತ್ತೇನೆಂದು ಒಳಗೆ ಹೋದ.

‘ಕುಂದಗೋಳದ ಲಗ್ನದಾಗ,’ ಎಂದು ಈರಬಸಪ್ಪ ಶುರು ಮಾಡಿದ. ಜನ್ಮದಲ್ಲಿ ಅವನು ಕಥೆ ಹೇಳಿದವನಲ್ಲ. ‘ಪಂಕ್ತಿ ಕಡೀಕ ಒಬ್ಬಾಕಿ ಮುದುಕಿ ಕುಂತಿದ್ಲು. ಹೋಳಗಿ ಬಡಸಾಂವ ಬಂದ. ಬಿಟ್ಟ ಹ್ವಾದ. ಎರಡ ಸಲ. ಎರಡೂ ಸಲ ಬಿಟ್ಟ ಹ್ವಾದ. ಆಕಿ ಏನೂ ಅನಲಿಲ್ಲ.’ ರೇವವ್ವ ಚೌಕಟ್ಟು ಬಿಟ್ಟು ಬಂದು ಟ್ರಂಕಿನ ಮೇಲೆ ಕೂತಳು. ಬಳೆಯ ಕೈ ಹಗ್ಗದ ಗಂಟಿನ ಮೇಲಿತ್ತು. ಅದನ್ನು ಬಿಚ್ಚಲಿಲ್ಲ, ಬಿಗಿಯಲೂ ಇಲ್ಲ. ‘ಸೆರಗಿನ ಗಂಟ ಬಿಚ್ಚಿದ್ಲು. ಮನಿಯಿಂದನ ಕಟಗೊಂಡ ಬಂದಿದ್ಲು. ಬಿಡತಾರಂತ ಆಕಿಗೆ ಮದಲ ಗೊತ್ತಿತ್ತು. ಎಲಿ ಮ್ಯಾಲ ಇಟಗೊಂಡ್ಲು. ಹುಡಗನ ಅಪ್ಪ ನೋಡಿದ. ಓಡಕೋತ ಬಂದು ಎಲಿ ಮುಂದ ನಿಂತ. ಆಮ್ಯಾಲ ಆ ಮುದುಕಿ ಎದ್ದ ನಿಂತ್ಲು.’

ಅಲ್ಲಿಗೆ ನಿಲ್ಲಿಸಿದ. ಗಾಡಿಯೊಳಗೆ ಕೊನೆಯದೊಂದು ಟಿಣ್ ಕೇಳಿಸಿತು. ಆಮೇಲೆ ಅದೂ ಇಲ್ಲ.

‘ಮುಂದಿಂದು ನನಗ ಗೊತ್ತಿಲ್ಲ,’ ಅಂದ.